ಹತ್ತು ಮರ, ಒಂಬತ್ತು ಅಂತರ: ಎಣಿಕೆಯ ಲೂಪ್ ನಡೆದುಬಂದ ದಾರಿ

ಫಾರ್ ಲೂಪ್ ಕಲಿಸಲು ವಾರಗಟ್ಟಲೆ ಹೊತ್ತು ಯಾಕೆ, ಪೈಥಾನ್‌ನಲ್ಲಿ ಸಿದ್ಧ ಫಂಕ್ಷನ್‌ಗಳಿವೆ, ಉಳಿದದ್ದನ್ನು ಎಐ ಬರೆದುಕೊಡುತ್ತದೆ ಎಂಬ ಮಾತು ಈಗ ಅಧ್ಯಾಪಕರ ಕೋಣೆಗಳಲ್ಲೇ ಕೇಳಿಬರುತ್ತಿದೆ. ಪುತ್ತೂರು, ಸುಳ್ಯ, ಕಡಬದ ಮಕ್ಕಳಿಗೆ ಬಹುಕಾಲ ಲ್ಯಾಬ್‌ನಲ್ಲಿ ಪಾಠ ಹೇಳಿದ ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ.

ಇಂತಿಷ್ಟು ಸಲ ಮಾಡು ಎಂದು ಯಂತ್ರಕ್ಕೆ ಹೇಳುವ ಬಗೆ 1957ರ ಫೋರ್ಟ್ರಾನ್ ಭಾಷೆಯಲ್ಲಿ ಡೂ ಎಂದಿತ್ತು. ಅಲ್ಗಾಲ್ ಅದನ್ನು ಫಾರ್ ಎಂದಿತು. 1964ರಲ್ಲಿ ಬೇಸಿಕ್ ಅದನ್ನು ಸಾಮಾನ್ಯ ವಿದ್ಯಾರ್ಥಿಯ ಕೈಗೆ ತಂದಿತು. ಹಳೆಯ ಫೋರ್ಟ್ರಾನ್‌ನ ಎಷ್ಟೋ ಕಂಪೈಲರ್‌ಗಳಲ್ಲಿ ಎಣಿಕೆ ಮುಗಿಯಿತೇ ಎಂಬ ಪರೀಕ್ಷೆ ಸುತ್ತಿನ ಕೊನೆಗಿತ್ತು. ಹಾಗಾಗಿ ಎಣಿಸಲು ಏನೂ ಇಲ್ಲದಾಗಲೂ ಕೆಲಸ ಒಂದು ಸಲ ನಡೆದೇಬಿಡುತ್ತಿತ್ತು. ಅದು ಸರಿಯಾದದ್ದು ಫೋರ್ಟ್ರಾನ್ 77ರಲ್ಲಿ.

ನಮ್ಮ ಸೀಮೆಯಲ್ಲಿ ಈ ವಿದ್ಯೆ ಬೇರೂರಿದ್ದು ಸಿ ಭಾಷೆಯ ಕಾಲದಲ್ಲಿ. ಸುಳ್ಯದ ಕೆವಿಜಿ ಎಂಜಿನಿಯರಿಂಗ್ ಕಾಲೇಜು 1986ರಲ್ಲಿ, ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು 2001ರಲ್ಲಿ ಶುರುವಾದವು; ನಡುವೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂತು. ಟರ್ಬೋ ಸಿಯ ನೀಲಿ ಪರದೆಯ ಮುಂದೆ ಕಲಿತವರ ತಲೆಮಾರು ಅದು. ಸಿಯ ಫಾರ್‌ನಲ್ಲಿ ಆರಂಭ, ಷರತ್ತು, ಹೆಚ್ಚಳ ಮೂರೂ ಒಂದೇ ಸಾಲಿನಲ್ಲಿ ಕಣ್ಣೆದುರಿಗಿರುತ್ತವೆ. ಕಲಿಯುವವರಿಗೆ ಇದಕ್ಕಿಂತ ಪ್ರಾಮಾಣಿಕ ರಚನೆಯನ್ನು ನಾನು ಇನ್ನೂ ಕಂಡಿಲ್ಲ.

ಕಷ್ಟ ಇದ್ದದ್ದು ಎಣಿಕೆಯ ಗಡಿಯಲ್ಲಿ. ಬೇಸಿಕ್‌ನಲ್ಲಿ ಒಂದರಿಂದ ಹತ್ತು ಎಂದರೆ ಹತ್ತೂ ಸೇರುತ್ತದೆ. ಸಿಯಲ್ಲಿ ಹತ್ತು ಮನೆಗಳ ಅರೇಗೆ ಎಣಿಕೆ ಸೊನ್ನೆಯಿಂದ ಒಂಬತ್ತು. ‘ಹತ್ತಕ್ಕಿಂತ ಕಡಿಮೆ’ ಎಂದು ಬರೆಯುವಲ್ಲಿ ‘ಹತ್ತು ಅಥವಾ ಕಡಿಮೆ’ ಎಂದು ಬರೆದರೆ ಪ್ರೋಗ್ರಾಂ ಅರೇ ದಾಟಿ ಪಕ್ಕದ ಮೆಮೊರಿಗೆ ಕೈಹಾಕುತ್ತದೆ, ಎಷ್ಟೋ ಸಲ ಸದ್ದಿಲ್ಲದೆ. ಅಡಿಕೆ ತೋಟದ ಮಕ್ಕಳಿಗೆ ಇದನ್ನು ತೋಟದಿಂದಲೇ ಹೇಳುತ್ತಿದ್ದೆ: ಒಂಬತ್ತು ಅಡಿ ಅಂತರದಲ್ಲಿ ಹತ್ತು ಸಸಿ ನೆಡಲು ಸಾಲಿನ ಉದ್ದ 90 ಅಡಿಯಲ್ಲ, 81. ಸಸಿ ಎಣಿಸುತ್ತಿದ್ದೀಯೋ ಅಂತರವನ್ನೋ ಎಂದು ಮೊದಲು ತೀರ್ಮಾನಿಸಿಕೋ. ಎಣಿಕೆ ಸೊನ್ನೆಯಿಂದ ಯಾಕೆ ಹೊರಡಬೇಕು, ಕೊನೆಯ ಸಂಖ್ಯೆಯನ್ನು ಯಾಕೆ ಹೊರಗಿಡಬೇಕು ಎಂಬುದನ್ನು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲೇ ಕೆಲವೇ ಪುಟಗಳಲ್ಲಿ ವಾದಿಸಿ ತೋರಿಸಿದ್ದರು. ನಮ್ಮ ಪಠ್ಯಗಳು ಆ ನಿಯಮವನ್ನು ತೆಗೆದುಕೊಂಡು ಕಾರಣವನ್ನು ಬಿಟ್ಟವು.

ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಪೈಥಾನ್ ಮೊದಲ ವರ್ಷಕ್ಕೇ ಆಯ್ಕೆಯ ವಿಷಯವಾಯಿತು. ಒಳ್ಳೆಯ ಭಾಷೆ, ಸಂಶಯವಿಲ್ಲ. ಆದರೆ ಅದರ ರೇಂಜ್ ಫಂಕ್ಷನ್‌ಗೆ ಒಂದು ಮತ್ತು ಹತ್ತು ಕೊಟ್ಟರೆ ಅದು ಒಂಬತ್ತಕ್ಕೇ ನಿಲ್ಲುತ್ತದೆ. ಹಳೆಯ ಗಡಿ ಅಲ್ಲೇ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಎಐ ಬರೆದ ಲೂಪಿನಲ್ಲಿ ಒಂದು ಸುತ್ತು ಹೆಚ್ಚಾಗಿದೆಯೇ ಎಂದು ನೋಡಬೇಕಾದವನೂ ಈ ವಿದ್ಯಾರ್ಥಿಯೇ.

ಲೂಪನ್ನು ಶಾಲೆಯಲ್ಲೇ, ಕನ್ನಡದಲ್ಲೇ ಕಲಿಸುವ ಇನ್ನೊಂದು ದಾರಿಯನ್ನು ನಾವು ತುಳಿಯಲೇ ಇಲ್ಲ. ಕನ್ನಡ ತಂತ್ರಾಂಶ ತಜ್ಞ ಯು. ಬಿ. ಪವನಜ ಅವರು ಮಕ್ಕಳ ಲೋಗೊ ಭಾಷೆಯನ್ನು ಕನ್ನಡಕ್ಕೆ ತಂದರು. ‘ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು’ ಎಂಬುದನ್ನು ನಾಲ್ಕು ಸಲ ಮಾಡಿಸಿದರೆ ಪರದೆಯ ಮೇಲೆ ಚೌಕ ಮೂಡುತ್ತದೆ. ಮೂರೇ ಸಲ ಮಾಡಿಸಿದರೆ ಒಂದು ಬದಿ ತೆರೆದೇ ಉಳಿದು ತಪ್ಪು ತಾನಾಗಿ ಕಾಣುತ್ತದೆ. ಕನ್ನಡ ಮಾಧ್ಯಮದ ಆರನೇ ತರಗತಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ. ನಾನು ಹೊಕ್ಕ ಶಾಲೆಗಳ ಲ್ಯಾಬ್‌ಗಳಲ್ಲಿ ಮಾತ್ರ ಟೈಪಿಂಗ್ ಮತ್ತು ಚಿತ್ರ ಬಿಡಿಸುವುದೇ ಕಂಪ್ಯೂಟರ್ ಶಿಕ್ಷಣವಾಗಿತ್ತು. ಅಲ್ಲಿಂದ ಬಂದ ಹುಡುಗಿ ಎಣಿಕೆಯ ಲೂಪನ್ನು ಮೊದಲ ಸಲ ನೋಡುವುದು ಕಾಲೇಜಿನಲ್ಲಿ, ಇಂಗ್ಲಿಷಿನಲ್ಲಿ, ನಕ್ಷತ್ರಗಳ ತ್ರಿಕೋನ ಮುದ್ರಿಸುವ ಲ್ಯಾಬ್ ಪರೀಕ್ಷೆಗಾಗಿ. ಆ ಲೂಪ್ ಎಷ್ಟು ಸಲ ಸುತ್ತಿತು, ಕೊನೆಯ ಸುತ್ತಿನ ಬಳಿಕ ಎಣಿಕೆಯ ಚರ ‘ಐ’ನ ಬೆಲೆ ಎಷ್ಟು ಎಂದು ಅವಳನ್ನು ಕೇಳುವವರು ಕಡಿಮೆ.