ನಿಧಿ, ನಿಕ್ಷೇಪ ಮತ್ತು ನಮ್ಮತ್ತೆಯ ಹೆಸರು

ಹೋದ ವರ್ಷ ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಅಟ್ಟದಿಂದ ಒಂದು ಟ್ರಂಕು ಇಳಿಸಿ ನನ್ನ ಮುಂದಿಟ್ಟರು. "ನೀನು ಕಂಪ್ಯೂಟರ್ ಓದ್ದೋನು, ಇದೊಂದು ಸರಿ ಮಾಡಿಸ್ಕೊಡು" ಅಂದ್ರು. ನಮ್ಮ ಮನೆ ಇರೋದು ತಾತ 1968ರಲ್ಲಿ ಕೊಂಡ ಒಂದೂವರೆ ಎಕರೆ ತೋಟದಲ್ಲಿ. ತಾತ ತೀರಿಕೊಂಡಿದ್ದು 1989ರಲ್ಲಿ. ಪಹಣಿಯಲ್ಲಿ ಮಾತ್ರ ಅವರು ಇನ್ನೂ ಬದುಕಿದ್ದಾರೆ! ಪೌತಿ ಖಾತೆ ಆಗಬೇಕಿತ್ತು. ಅಂದರೆ ಸತ್ತವರ ಹೆಸರು ಹೋಗಿ ವಾರಸುದಾರರ ಹೆಸರು ಕೂರಬೇಕು.

ಟ್ರಂಕಿನಲ್ಲಿ ಮೂಲ ಕ್ರಯಪತ್ರ ಸಿಕ್ತು. ಮಡಿಕೆಗಳಲ್ಲೆಲ್ಲ ಹರಿದ ಛಾಪಾ ಕಾಗದ, ಪತ್ರ ಬರೆಯುವವರ ದುಂಡಗಿನ ಅಕ್ಷರ. ಅದರಲ್ಲೊಂದು ವಾಕ್ಯ ಮಂತ್ರದ ಹಾಗಿತ್ತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ, ಪುತ್ರ ಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ ಈ ಜಮೀನನ್ನು ತಾತ ಅನುಭವಿಸಿಕೊಂಡು ಬರಬೇಕಂತೆ.

ಪತ್ರ ಬರೆದವರು ಇದನ್ನು ಸ್ವಂತವಾಗಿ ಹೊಸೆದದ್ದಲ್ಲ. ವಿಜಯನಗರ ಕಾಲದ ದಾನಶಾಸನಗಳನ್ನು ಓದಿ ನೋಡಿ, ಇದೇ ಎಂಟು ಪದಗಳು ಸಾಲಾಗಿ ನಿಂತಿರುತ್ತವೆ. ನಿಧಿ, ನಿಕ್ಷೇಪ ಅಂದರೆ ನೆಲದಲ್ಲಿ ಹೂತಿಟ್ಟ ಸಂಪತ್ತು. ಜಲ, ಪಾಷಾಣ ಅಂದರೆ ಅಲ್ಲಿನ ನೀರು, ಕಲ್ಲು. ಅಕ್ಷೀಣಿ ಅಂದರೆ ಕ್ಷಯವಾಗದ ಆದಾಯ, ಆಗಾಮಿ ಅಂದರೆ ಮುಂದೆ ಬರುವ ಆದಾಯ. ಸಿದ್ಧ ಅಂದರೆ ಈಗಾಗಲೇ ಹದವಾಗಿರೋದು, ಸಾಧ್ಯ ಅಂದರೆ ಇನ್ನು ಮೇಲೆ ಹದ ಮಾಡಬಹುದಾದದ್ದು. ಅರಸರು ದೇವಸ್ಥಾನಕ್ಕೋ ಅಗ್ರಹಾರಕ್ಕೋ ಭೂಮಿ ಬಿಟ್ಟಾಗ ಬಳಸುತ್ತಿದ್ದ ಭಾಷೆ ಅದು.  ಶತಮಾನಗಳ ಕಾಪಿ ಪೇಸ್ಟ್ ನಡೆದು ಕೊನೆಗೆ ಅದೇ ರಾಜಭಾಷೆ ನಮ್ಮ ತಾತನ ತೋಟಕ್ಕೂ ಬಂದಿತ್ತು.

ಆ ಕಾಲದ ದಾಖಲೆಗೆ ಒಂದು ದೊಡ್ಡ ಗುಣ ಇತ್ತು. ಅದು ಊರಿನ ಕಣ್ಣೆದುರಿಗೇ ಇರುತ್ತಿತ್ತು. ಶಾಸನದ ಕಲ್ಲು ಗುಡಿಯ ಮುಂದೋ ಕೆರೆ ಏರಿ ಮೇಲೋ ನಿಂತಿರುತ್ತಿತ್ತು. ಅದರಲ್ಲಿ ನಾಲ್ಕು ದಿಕ್ಕಿನ ಎಲ್ಲೆ ಇರುತ್ತಿತ್ತು, ಎಷ್ಟೋ ಕಡೆ ಸಾಕ್ಷಿಗಳ ಹೆಸರೂ ಇರುತ್ತಿತ್ತು. ಹೊಲದ ಗಡಿಯಲ್ಲಿ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು. ಮೇಲಿಂದ ಒಂದು ಶಾಪ ಬೇರೆ: ಈ ಧರ್ಮಕ್ಕೆ ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಇವತ್ತಿನ ಕ್ರಯಪತ್ರದ ಚೆಕ್ಕುಬಂದಿ, ಸಾಕ್ಷಿಗಳ ಸಹಿ ಎಲ್ಲ ಅದರ ಮುಂದುವರಿಕೆಯೇ. ಶಾಪ ಮಾತ್ರ ಬಿಟ್ಟುಹೋಗಿದೆ.

ಕಲ್ಲಿನದು ದಾನದ ಲೆಕ್ಕ. ಕಂದಾಯದ ಲೆಕ್ಕ ಬೇರೆ, ಅದು ಇದ್ದದ್ದು ಶಾನುಭೋಗರ ಹತ್ತಿರ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಚಿ ಮಾಡಿದ ಕಡತದಲ್ಲಿ ಅವರು ಬಳಪದಿಂದ ಬರೆಯುತ್ತಿದ್ದರು. ಬೇಡದ್ದನ್ನು ಅಳಿಸಲೂ ಬಹುದಿತ್ತು. ಅಲ್ಲಿನ ಪ್ರಶ್ನೆ 'ಜಮೀನು ಯಾರದು' ಅನ್ನೋದಕ್ಕಿಂತ 'ಕಂದಾಯ ಯಾರು ಕಟ್ಟಬೇಕು' ಅನ್ನೋದು. 1961ರ ಕಾಯ್ದೆ ಶಾನುಭೋಗ, ಪಟೇಲರ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿತು, ಗ್ರಾಮಲೆಕ್ಕಿಗರು ಬಂದರು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಸುಮಾರು 2 ಕೋಟಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹೋದವು. ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಹಳೆಯದೇ ಉಳಿಯಿತು.

ಒಡೆತನ ಕೈಬದಲಾಗುವ ದಾರಿಯನ್ನು ಹಾಕಿಕೊಟ್ಟಿದ್ದು ಬ್ರಿಟಿಷರ ಕಾಲದ ಎರಡು ಕಾಯ್ದೆಗಳು: 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಮನೆ, ಜಮೀನು ಮಾರಬೇಕಾದರೆ ನೋಂದಣಿಯಾದ ಪತ್ರವೇ ಬೇಕು. ಬರೀ ಜಿಪಿಎ, ಕರಾರು ಪತ್ರ ಹಿಡಿದು 'ಸೈಟು ನಂದು' ಅನ್ನೋ ಹಾಗಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಸಬ್ ರಿಜಿಸ್ಟ್ರಾರ್ ನೋಂದಾಯಿಸೋದು ಪತ್ರವನ್ನು, ಒಡೆತನವನ್ನಲ್ಲ. ಮಾರುವವನಿಗೆ ಮಾರುವ ಹಕ್ಕಿತ್ತಾ ಅಂತ ತಲೆಕೆಡಿಸಿಕೊಳ್ಳಬೇಕಾದವರು ನಾವೇ. ಬ್ಯಾಂಕಿನ ವಕೀಲರು ದಶಕಗಳ ಹಿಂದಿನ ಪತ್ರ, ಇಸಿ ಎಲ್ಲ ಕೇಳೋದು ಅದಕ್ಕೇ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಕ್ರಯಪತ್ರಗಳ ಸರಣಿ ಅಂದರೆ ಲಾಗ್. ಖಾತೆ, ಪಹಣಿ ಅಂದರೆ ಇವತ್ತಿನ ಸ್ಥಿತಿ ತೋರಿಸೋ ಟೇಬಲ್. ಟೇಬಲ್ಲಿನಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಹಕ್ಕು ಹುಟ್ಟಲ್ಲ, ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಸಾಯಲ್ಲ. 1964ರ ಭೂಕಂದಾಯ ಕಾಯ್ದೆ ಹೇಳೋದೂ ಇಷ್ಟೇ: ಸುಳ್ಳು ಅಂತ ಸಾಬೀತಾಗುವವರೆಗೆ ಪಹಣಿಯನ್ನು ನಿಜ ಅಂತ ಭಾವಿಸಬೇಕು.

ಈ ಜ್ಞಾನವೆಲ್ಲ ನನಗೆ ಚುಚ್ಚಿದ್ದು ವಂಶವೃಕ್ಷದ ಹಾಳೆ ನೋಡಿದಾಗ. ಅಪ್ಪ ಆಗಲೇ ಬರೆಸಿಟ್ಟಿದ್ದರು. ತಾತ, ಅಜ್ಜಿ, ಕೆಳಗೆ ಅಪ್ಪ. ಇಬ್ಬರು ಅತ್ತೆಯರು ಇಲ್ಲವೇ ಇಲ್ಲ.

"ಅವರಿಗೆ ಮದುವೇಲಿ ಕೊಟ್ಟಾಯ್ತಲ್ಲ" ಅಂದ್ರು ಅಪ್ಪ.

ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದು 2005ರ ತಿದ್ದುಪಡಿಯಿಂದ ಅಂತಲೇ ನಾನೂ ನಂಬಿದ್ದೆ. ಅದು ಪಿತ್ರಾರ್ಜಿತದ ಮಾತು, ಕರ್ನಾಟಕ ಅದನ್ನು 1994ರಲ್ಲೇ ತಂದಿತ್ತು. ತಾತನದು ಸ್ವಯಾರ್ಜಿತ, ಉಯಿಲು ಬರೆದಿರಲಿಲ್ಲ. ಅಂಥ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳಿಗೆ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಅಂದರೆ ತಾತ ತೋಟ ಕೊಂಡಾಗಲೇ ಆ ಕಾನೂನಿಗೆ ಹನ್ನೆರಡು ವರ್ಷ. ಕ್ರಯಪತ್ರ ಮಾತ್ರ ಪುತ್ರ ಪೌತ್ರ ಅಂತಲೇ ಶಾಸನದ ಪಾಠ ಒಪ್ಪಿಸುತ್ತಿತ್ತು.

ಫೋನ್ ಮಾಡಿದೆ. ದೊಡ್ಡತ್ತೆ, "ನಂಗೇನೂ ಬೇಡಪ್ಪ, ಎಲ್ಲಿ ಹೇಳಿದ್ರೆ ಅಲ್ಲಿ ಸಹಿ ಹಾಕ್ತೀನಿ" ಅಂದ್ರು. ಚಿಕ್ಕತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಹೆಸರು ಬರೀರಿ ಕಣೋ. ಬಿಡೋದು, ಬಿಡದೇ ಇರೋದು ಆಮೇಲೆ ನಾನು ಹೇಳ್ತೀನಿ" ಅಂದ್ರು.

ಅಪ್ಪ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ನಾನು ಬಸ್ಸಿಗೆ ಹೊರಟಾಗ ಹೊಸ ಹಾಳೆ ತಂದು, "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಅಂದ್ರು. ತಾತನ ಕೆಳಗೆ ಮೂರು ಗೆರೆ ಎಳೆದು ಮೂವರ ಹೆಸರೂ ಬರೆದೆ. ಚಿಕ್ಕತ್ತೆ ಏನು ಹೇಳ್ತಾರೋ ಇನ್ನೂ ಗೊತ್ತಿಲ್ಲ.