ಮೆಸ್ಸಿನಾದ ಗ್ರೀಕ್ ಮೇಷ್ಟರು

ಬ್ಯಾಂಕಿನ ನೌಕರಿಯಲ್ಲಿ ವರ್ಗಾವಣೆಯ ಮೇಲೆ ವರ್ಗಾವಣೆ ಆಗಿ ಮುಂಬೈ, ಪುಣೆ, ಹೈದರಾಬಾದು ಅಂತ ತಿರುಗಿದ ನಮ್ಮಂಥವರು ‘ಹೊರನಾಡು’ ಎಂಬ ಮಾತನ್ನು ಕೊಂಚ ಧಾರಾಳವಾಗಿಯೇ ಬಳಸುತ್ತೇವೆ. ನಿಜ ಹೇಳಬೇಕೆಂದರೆ ಮುಂಬೈಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿಯಬಹುದು. ಇಳಿಯುವುದಕ್ಕೆ ಒಂದು ಊರು ಇದೆಯಲ್ಲ, ಅದೇ ದೊಡ್ಡ ಆಸ್ತಿ. ಆ ಆಸ್ತಿಯನ್ನು ಪೂರ್ತಿ ಕಳೆದುಕೊಂಡು, ಉಳಿದ ಒಂದೇ ಒಂದು ಬಂಡವಾಳವಾದ ಭಾಷೆಯನ್ನು ನಂಬಿ ಪರದೇಶದಲ್ಲಿ ಬದುಕಿದ ಒಬ್ಬ ಮೇಷ್ಟರ ಕಥೆ ಇದು. ಹೆಸರು ಕಾನ್‌ಸ್ಟಂಟೈನ್ ಲಾಸ್ಕಾರಿಸ್. ಕೆಲಸ, ಲ್ಯಾಟಿನ್ ಬಲ್ಲವರಿಗೆ ಗ್ರೀಕ್ ವ್ಯಾಕರಣ ಹೇಳಿಕೊಡುವುದು.

1453 ಎಂಬ ಇಸವಿಯನ್ನು ಹೈಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದವರೇ. ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಗ್ರೀಕ್ ವಿದ್ವಾಂಸರು ಪುಸ್ತಕ ಹೊತ್ತು ಇಟಲಿಗೆ ಓಡಿಬಂದರು, ಪುನರುಜ್ಜೀವನ ಶುರುವಾಯಿತು. ಇಷ್ಟು ಬರೆದರೆ ಮಾರ್ಕ್ಸು ಗ್ಯಾರಂಟಿ. ಆದರೆ ಅದು ಅರ್ಧ ಸತ್ಯ. ಅದಕ್ಕೂ 56 ವರ್ಷ ಮೊದಲೇ, 1397ರಲ್ಲಿ, ಮ್ಯಾನ್ಯುಯೆಲ್ ಕ್ರಿಸೊಲೊರಾಸ್ ಎಂಬ ವಿದ್ವಾಂಸ ಫ್ಲಾರೆನ್ಸಿಗೆ ಬಂದು ಗ್ರೀಕ್ ಕಲಿಸಲು ತೊಡಗಿದ್ದ. ಅವನದು ಪ್ರಶ್ನೋತ್ತರ ರೂಪದ ವ್ಯಾಕರಣ. ಅಂದರೆ ಮೊದಲು ಬಂದವನು ಕರೆಸಿಕೊಂಡು ಬಂದ ಅತಿಥಿ. 1453ರ ನಂತರ ಬಂದವರು ನಿರಾಶ್ರಿತರು. ಈ ಎರಡರ ನಡುವಿನ ವ್ಯತ್ಯಾಸ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು.

ಲಾಸ್ಕಾರಿಸ್ ಎರಡನೆಯ ಗುಂಪಿನವನು. 1434ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದವನು. ಊರು ಬಿದ್ದಾಗ ಹತ್ತೊಂಬತ್ತರ ಹುಡುಗ. ತುರ್ಕರ ಕೈಗೆ ಸೆರೆಸಿಕ್ಕ. ಬಿಡುಗಡೆಯಾಗಿ, ಕೆಲವು ವರ್ಷ ಅಲೆದು, 1458ರ ಹೊತ್ತಿಗೆ ಮಿಲಾನಿಗೆ ಬಂದ. ಅಲ್ಲಿನ ಡ್ಯೂಕ್ ಫ್ರಾನ್ಸೆಸ್ಕೊ ಸ್ಫೋರ್ಜಾನ ಮಗಳು ಇಪ್ಪೊಲೀಟಾಗೆ ಗ್ರೀಕ್ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲಿಯೇ ಅವನ ವ್ಯಾಕರಣ, ‘ಎಂಟು ಪದವರ್ಗಗಳ ಸಂಗ್ರಹ’, ರೂಪುಗೊಂಡಿತು.

ಈ ಪುಸ್ತಕದ ಉಪಯೋಗ ಏನು ಅಂತ ಕೇಳಬಹುದು. ಇಟಲಿಯ ವಿದ್ಯಾರ್ಥಿಗೆ ಲ್ಯಾಟಿನ್ ಚೆನ್ನಾಗಿ ಬರುತ್ತಿತ್ತು. ಗ್ರೀಕ್ ಅದಕ್ಕೆ ಹತ್ತಿರ, ಆದರೆ ಹತ್ತಿರದ ಭಾಷೆಯೇ ಎಡವಿಸುವುದು ಜಾಸ್ತಿ. ಲ್ಯಾಟಿನ್‌ಗೆ ಆರು ವಿಭಕ್ತಿ, ಗ್ರೀಕ್‌ಗೆ ಐದು. ಎರಡರ ವ್ಯಾಕರಣದಲ್ಲೂ ಪದವರ್ಗ ಎಂಟೇ, ಆದರೆ ಅದೇ ಎಂಟಲ್ಲ. ಗ್ರೀಕ್‌ನಲ್ಲಿರುವ ಆರ್ಟಿಕಲ್ ಲ್ಯಾಟಿನ್‌ನಲ್ಲಿ ಇಲ್ಲ. ಅದರ ಜಾಗದಲ್ಲಿ ಲ್ಯಾಟಿನ್ ವೈಯಾಕರಣರು ‘ಅಯ್ಯೋ’, ‘ಅಬ್ಬಾ’ ಥರದ ಭಾವಸೂಚಕಗಳನ್ನು ಬೇರೆ ವರ್ಗ ಮಾಡಿ ಎಂಟರ ಲೆಕ್ಕ ಸರಿದೂಗಿಸಿದ್ದರು. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ, ಎರಡು ಶಾಖೆಗಳ ಪುಸ್ತಕ ತಾಳೆ ಹಾಕುವ ಕೆಲಸ. ಲಾಸ್ಕಾರಿಸ್ ಪಾಂಡಿತ್ಯ ಮೆರೆಸದೆ ಹೊಸಬನಿಗೆ ಬೇಕಾದಷ್ಟನ್ನೇ ಚಿಕ್ಕದಾಗಿ ಬರೆದ. ಈ ಪುಸ್ತಕ 1476ರ ಜನವರಿ 30ರಂದು ಮಿಲಾನಿನಲ್ಲಿ ಅಚ್ಚಾಯಿತು. ಪೂರ್ತಿ ಗ್ರೀಕ್‌ನಲ್ಲೇ ಅಚ್ಚಾಗಿ, ತಾರೀಖು ನಮೂದಾಗಿರುವ ಮೊದಲ ಪುಸ್ತಕ ಅದೇ. ಹೋಮರನ ಕಾವ್ಯವಲ್ಲ, ಪ್ಲೇಟೊ ಅಲ್ಲ, ಒಬ್ಬ ನಿರಾಶ್ರಿತ ಮೇಷ್ಟರ ವ್ಯಾಕರಣ.

ಅಷ್ಟರಲ್ಲಿ ಮೇಷ್ಟರು ಮಿಲಾನಿನಲ್ಲಿ ಇರಲಿಲ್ಲ. 1465ರಲ್ಲಿ ಶಿಷ್ಯೆಗೆ ಮದುವೆಯಾಗಿ ಅವಳು ನೇಪಲ್ಸಿಗೆ ಹೋದಳು. ಇವನೂ ಅಲ್ಲಿಗೆ ಹೋದ, ನೆಲೆ ನಿಲ್ಲಲಿಲ್ಲ. ಇಟಲಿಯೇ ಸಾಕು ಎಂದು ಗ್ರೀಸಿನ ಕಡೆ ಹೊರಟವನನ್ನು ದಾರಿಯಲ್ಲಿ ಸಿಸಿಲಿಯ ಮೆಸ್ಸಿನಾದ ಜನ ನಿಲ್ಲಿಸಿಕೊಂಡರು. ಅದು 1466. ಸದ್ಯಕ್ಕೆ ಅಂತ ನಿಂತವನು 1501ರಲ್ಲಿ ಪ್ಲೇಗಿಗೆ ಬಲಿಯಾಗುವವರೆಗೆ 35 ವರ್ಷ ಅಲ್ಲೇ ಉಳಿದ. “ಇನ್ನೆರಡು ವರ್ಷ, ಆಮೇಲೆ ಊರಿಗೆ” ಎನ್ನುತ್ತ ಡೊಂಬಿವಿಲಿಯಲ್ಲಿ ಮುಪ್ಪಾದವರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೆಸ್ಸಿನಾದ ಕೆಲಸ ಏನಿತ್ತು ನೋಡಿ. ದಕ್ಷಿಣ ಇಟಲಿ, ಸಿಸಿಲಿಗಳಲ್ಲಿ ಗ್ರೀಕ್ ಸಂಪ್ರದಾಯದ ಹಳೆಯ ಮಠಗಳಿದ್ದವು. ಅಲ್ಲಿನ ಬೆಸಿಲಿಯನ್ ಸನ್ಯಾಸಿಗಳು ಪ್ರಾರ್ಥನೆಯನ್ನು ಗ್ರೀಕ್‌ನಲ್ಲೇ ಹೇಳುತ್ತಿದ್ದರು, ಆದರೆ ಭಾಷೆ ಬಹುಪಾಲು ಮರೆತಿತ್ತು. ಅವರಿಗೆ ಅವರದೇ ಭಾಷೆಯನ್ನು ಕಲಿಸಲು ಸಂಬಳದ ಮೇಷ್ಟರು ಬೇಕಾಯಿತು. ಸ್ವತಃ ಗ್ರೀಕನಾಗಿದ್ದ ಕಾರ್ಡಿನಲ್ ಬೆಸಾರಿಯೊನ್ ಆ ಕೆಲಸಕ್ಕೆ ಬೆಂಬಲ ಕೊಟ್ಟ. ಲಾಸ್ಕಾರಿಸ್ ನೇಮಕವಾದ.

ಅವನು ಸುಖವಾಗಿದ್ದ ಅಂತ ತಿಳಿಯಬೇಡಿ. ಸ್ನೇಹಿತ ಜಿಯೊವಾನ್ನಿ ಪಾರ್ದೊಗೆ ಬರೆದ ಪತ್ರದಲ್ಲಿ ತನ್ನವರ ಗತಿಯನ್ನು ತೋಡಿಕೊಂಡಿದ್ದಾನೆ. ದೊಡ್ಡ ವೈಯಾಕರಣ ಥಿಯೊಡೋರ್ ಗಾಜಾ ಕಲಾಬ್ರಿಯಾದ ಮೂಲೆಯಲ್ಲಿ ಕಣ್ಮುಚ್ಚಿದ. ತನ್ನ ಗುರು ಆರ್ಗಿರೊಪೌಲೊಸ್ ರೋಮಿನಲ್ಲಿ ಪುಸ್ತಕ ಮಾರಿ ಹೊಟ್ಟೆ ಹೊರೆಯುತ್ತಿದ್ದಾನೆ. ಇನ್ನೊಬ್ಬ ದೂರದ ಬ್ರಿಟನ್ನಿಗೆ ಹೋಗಿ ಗೆಳೆಯರಿಲ್ಲದೆ ಸತ್ತ. ರಾಜರ ಆಸ್ಥಾನಗಳನ್ನು ನಂಬಿ ಮತ್ತೆ ಹೋಗಲಾರೆ ಎಂಬುದು ಅವನ ಮಾತಿನ ಸಾರ.

ಆದರೂ ಅವನನ್ನು ಹುಡುಕಿಕೊಂಡು ಜನ ಬಂದರು. 1492ರಲ್ಲಿ ವೆನಿಸ್ಸಿನ ದೊಡ್ಡ ಮನೆತನದ ಯುವಕ ಪಿಯೆತ್ರೊ ಬೆಂಬೊ ಗೆಳೆಯನೊಬ್ಬನ ಜೊತೆ ಮೆಸ್ಸಿನಾಕ್ಕೆ ಬಂದು ಎರಡು ವರ್ಷ ಕಲಿತ. ಮರಳುವಾಗ ಗುರು ತಿದ್ದಿದ ವ್ಯಾಕರಣದ ಪ್ರತಿ ತಂದ. 1495ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಟಿಯಸ್ ಅದನ್ನು ಲ್ಯಾಟಿನ್ ಅನುವಾದದೊಂದಿಗೆ ಅಚ್ಚು ಹಾಕಿದ. ಆ ಹೆಸರಾಂತ ಮುದ್ರಣಾಲಯದ ತಾರೀಖುಳ್ಳ ಮೊದಲ ಪುಸ್ತಕ ಅದು. 1516ರಲ್ಲಿ ಥಾಮಸ್ ಮೋರ್ ಬರೆದ ‘ಯುಟೋಪಿಯಾ’ದಲ್ಲಿ ಆ ಕಲ್ಪನೆಯ ದ್ವೀಪದವರ ಬಳಿ ಇರುವ ಏಕೈಕ ಗ್ರೀಕ್ ವ್ಯಾಕರಣವೂ ಲಾಸ್ಕಾರಿಸನದೇ. ತಾನು ಕೂಡಿಸಿದ ಹಸ್ತಪ್ರತಿಗಳನ್ನೆಲ್ಲ ಆತ ಮೆಸ್ಸಿನಾ ನಗರಕ್ಕೆ ಬಿಟ್ಟುಹೋದ. ಮೆಸ್ಸಿನಾ ಸ್ಪೇನಿನ ವಿರುದ್ಧ ದಂಗೆ ಎದ್ದು (1674–78) ಸೋತ ಮೇಲೆ ಅವು ಆ ಊರಿನ ಕೈತಪ್ಪಿದವು. ಬಹಳಷ್ಟು ಈಗ ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಮೇಷ್ಟರ ಪುಸ್ತಕಗಳಿಗೂ ವರ್ಗಾವಣೆ ತಪ್ಪಲಿಲ್ಲ.

ನನ್ನನ್ನು ಕಾಡುವುದು ಇದು. ಅವನು ಗ್ರೀಕರನ್ನು ಗುಡ್ಡೆ ಹಾಕಿ ಹಬ್ಬ ಮಾಡಲಿಲ್ಲ. ಗ್ರೀಕ್ ಬಾರದವರಿಗೆ, ಮರೆತವರಿಗೆ, ಅ ಆ ಇ ಈಯಿಂದ ಕಲಿಸಿದ. ಸಾಮ್ರಾಜ್ಯ ಹೋದ ಮೇಲೂ ಆ ವಿದ್ಯೆ ಉಳಿದದ್ದರಲ್ಲಿ ಇಂಥ ಮೇಷ್ಟರುಗಳ ಪಾಲು ದೊಡ್ಡದು. ಕನ್ನಡಕ್ಕೂ ಇಂಥದ್ದು ನಡೆದಿದೆ. ವಿಲಿಯಂ ಕ್ಯಾರಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಮಪುರದಲ್ಲಿ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ್ದು ಮುಂಬೈಯ ಕನ್ನಡ ರಾತ್ರಿಶಾಲೆಗಳು.

ಇವತ್ತು ಹೊರನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಸ್ಥಿತಿ ಆ ಸನ್ಯಾಸಿಗಳ ಹಾಗೇ ಇದೆ. ಕನ್ನಡ ಕಿವಿಗೆ ಬೀಳುತ್ತದೆ, ನಾಲ್ಕು ಮಾತು ಬಾಯಿಗೂ ಬರುತ್ತವೆ, ಪುಸ್ತಕ ಬಿಡಿಸಿದರೆ ಅಕ್ಷರ ಕಾಣದು. ಸಂಘಗಳಲ್ಲಿ ರಾಜ್ಯೋತ್ಸವ ಆಗುತ್ತದೆ, ಊಟವೂ ಚೆನ್ನಾಗಿರುತ್ತದೆ, ಆದರೆ ಭಾನುವಾರದ ಅಕ್ಷರ ತರಗತಿಗೆ ಮೇಷ್ಟರು ಸಿಗುವುದು ಕಷ್ಟ. ಊರಲ್ಲಿರುವ ನಿಮಗೂ ಒಂದು ಮಾತು. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂಬ ದೂರು ನಿಮ್ಮದು. ದೂರು ಸರಿಯೇ ಇರಬಹುದು. ಆದರೆ ಬೆಂಗಳೂರಿಗೆ ಬಂದಿಳಿದ ಒಡಿಶಾದ ಹುಡುಗನ ಕೈಗೆ, ಅವನ ಭಾಷೆಯಿಂದ ಕನ್ನಡಕ್ಕೆ ದಾಟಿಸುವ ಒಂದು ತೆಳು ಪುಸ್ತಕ ಇಟ್ಟು, ಸಂಜೆ ಒಂದು ಗಂಟೆ ಜೊತೆಗೆ ಕೂರುವವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ?