ಮಗುವಿನ ಬಟ್ಟೆ, ಕೆರೆಯ ನೀರು

ಎಳೆಗೂಸಿನ ಅಡಿಗೆ ಹಾಸುವ ಬಟ್ಟೆಗೂ ಒಂದು ಚರಿತ್ರೆ ಇದೆ ಎಂದರೆ ಯಾರಿಗಾದರೂ ನಗು ಬರಬಹುದು. ಪೀತಾಂಬರಕ್ಕೆ, ಇಳಕಲ್ ಸೀರೆಗೆ, ಖಾದಿಗೆ ಚರಿತ್ರೆ ಬರೆದವರಿದ್ದಾರೆ. ದಿನಕ್ಕೆ ಹತ್ತು ಸಲ ಒದ್ದೆಯಾಗಿ, ಒಗೆಸಿಕೊಂಡು, ಒಣಗಿ, ಕೊನೆಗೆ ನೆಲ ಒರೆಸುವ ಚಿಂದಿಯಾಗಿ ಕಣ್ಮರೆಯಾಗುವ ತುಂಡಿನ ಚರಿತ್ರೆ ಬರೆದವರು ಕಡಿಮೆ. ಆದರೆ ಆ ತುಂಡನ್ನು ಹಿಂಬಾಲಿಸಿ ಹೊರಟರೆ ಊರಿನ ಕೆರೆ, ಜಾತಿಯ ಕಟ್ಟು, ಹೆಣ್ಣುಮಕ್ಕಳ ದುಡಿಮೆ, ನಗರದ ಕಸ ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ.

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ವರ್ತೂರು ಇದನ್ನು ನೋಡಲು ತಕ್ಕ ಜಾಗ. ಹೋಬಳಿಯ ಕೇಂದ್ರವಾಗಿ, ಕೆರೆಯ ಕೆಳಗಿನ ಗದ್ದೆಗಳನ್ನು ನಂಬಿ ಬದುಕಿದ್ದ ಊರು ಇದು. ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ತಲೆಯೆತ್ತಿದ ಮೇಲೆ ಸುತ್ತಲೂ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದವು. ಇಂಥ ಮನೆಗಳಲ್ಲಿ ಈಗ ಹೊಸದೊಂದು ಮಾತು ಕೇಳಿಬರುತ್ತಿದೆ: ಒಮ್ಮೆ ತೊಡಿಸಿ ಎಸೆಯುವ ಡಯಾಪರ್ ಬೇಡ, ಒಗೆದು ಮತ್ತೆ ತೊಡಿಸುವ ಬಟ್ಟೆಯ ಡಯಾಪರ್ ಇರಲಿ, ಅದು ಪರಿಸರಕ್ಕೆ ಒಳ್ಳೆಯದು. ಅಜ್ಜಿಯರಿಗೆ ಇದು ಸೋಜಿಗವೆನಿಸಿದರೆ ಅಚ್ಚರಿಯಿಲ್ಲ. ಅವರ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ.

ಚರಕ ಕಂಡ ಎರಡು ದಾರಿ

ಎಸೆಯುವುದೋ ಒಗೆಯುವುದೋ ಎಂಬ ಪ್ರಶ್ನೆ ಹೊಸದೇನೂ ಅಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುಪಾಲನೆಯ ವಿವರಗಳಿವೆ. ಮಗುವಿನ ಹಾಸಿಗೆ, ಹೊದಿಕೆಗಳು ಮೃದುವಾಗಿ, ಹಗುರವಾಗಿ, ಶುಚಿಯಾಗಿ ಇರಬೇಕು. ಬೆವರು, ಮಲಮೂತ್ರ ತಗುಲಿದವನ್ನು ಬಿಟ್ಟುಬಿಡಬೇಕು ಎನ್ನುತ್ತದೆ ಆ ಗ್ರಂಥ. ಬೇರೆ ಬಟ್ಟೆ ಸಿಗದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಒಣಗಿಸಿ, ಧೂಪ ಹಾಕಿ ಮತ್ತೆ ಬಳಸಬಹುದು ಎಂದೂ ಸೇರಿಸುತ್ತದೆ. ಧೂಪಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಸಾಸಿವೆ, ಹಿಂಗು, ಗುಗ್ಗುಳ, ಬಜೆಗಳ ಹೆಸರು ಬರುತ್ತದೆ. ಉಳ್ಳವರಿಗೆ ಎಸೆಯುವ ದಾರಿ, ಇಲ್ಲದವರಿಗೆ ಒಗೆಯುವ ದಾರಿ: ಎರಡನ್ನೂ ಆ ಕಾಲದ ವೈದ್ಯರು ಕಂಡಿದ್ದರು.

ನಮ್ಮ ಮನೆಗಳಲ್ಲಿ ಉಳಿದು ಬಂದದ್ದು ಎರಡನೆಯದು. ಹೆತ್ತ ಮನೆಯಲ್ಲಿ ಬಾಣಂತನಕ್ಕೆ ಮುಂಚೆಯೇ ಹಳೆಯ ನೂಲಿನ ಸೀರೆ, ಪಂಚೆಗಳನ್ನು ಹರಿದು ಮಡಿಸಿಡುವುದು ವಾಡಿಕೆ. ಹುಟ್ಟಿದ ಕೂಸಿಗೆ ಕೂಡಲೇ ಹೊಸ ಬಟ್ಟೆ ತೊಡಿಸಬಾರದು, ಹಿರಿಯರು ಉಟ್ಟ ಬಟ್ಟೆಯಲ್ಲಿ ಸುತ್ತಬೇಕು ಎಂಬ ನಂಬಿಕೆ ಹಲವು ಕಡೆ ಇದೆ. ನಂಬಿಕೆಯ ಹಿಂದೆ ಲೆಕ್ಕಾಚಾರವೂ ಇದೆ. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಒರಟಾಗಿರುತ್ತದೆ, ನೀರು ಬೇಗ ಹೀರುವುದಿಲ್ಲ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿಯ ಬಟ್ಟೆ ಎಳೆಯ ಚರ್ಮಕ್ಕೆ ಹಿತ. ಹೀಗೆ ಒಂದೇ ಸೀರೆ ಮೊದಲು ಉಡುಗೆ, ಆಮೇಲೆ ತೊಟ್ಟಿಲ ಜೋಲಿ, ಆಮೇಲೆ ತ್ರಿಕೋನವಾಗಿ ಮಡಿಸಿ ಕಟ್ಟುವ ಲಂಗೋಟಿ. ಉತ್ತರ ಕರ್ನಾಟಕದಲ್ಲಾದರೆ ಕೌದಿಯ ಒಂದು ಪದರವೂ ಹೌದು.

ಇಷ್ಟಾದರೂ ಹಗಲಿಡೀ ಲಂಗೋಟಿ ಕಟ್ಟಿಡುವ ರೂಢಿ ಇರಲಿಲ್ಲ. ಕುತ್ತಿಗೆ ನಿಂತ ಮಗುವನ್ನು ಅಜ್ಜಿಯೋ ದೊಡ್ಡಮ್ಮನೋ ಚಾಚಿದ ಕಾಲುಗಳ ಮೇಲೆ ಕೂರಿಸಿಕೊಂಡು, ಬಾಯಲ್ಲಿ ಸದ್ದು ಮಾಡುತ್ತ, ಹೊತ್ತುಹೊತ್ತಿಗೆ ಅಭ್ಯಾಸ ಮಾಡಿಸುತ್ತಿದ್ದರು. ಬಟ್ಟೆ ಕಡಿಮೆ ಸಾಕಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಮಗುವಿನ ಮುಖಭಾವ ನೋಡಿ ಹೊತ್ತನ್ನು ಗುರುತಿಸುವ ಒಬ್ಬರು ಮನೆಯಲ್ಲಿ ಸದಾ ಇರುತ್ತಿದ್ದರು ಎಂಬುದನ್ನು ಮಾತ್ರ ಮರೆಯಬಾರದು.

ಒಗೆದವರು ಯಾರು?

ಹಳೆಯ ಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಬಟ್ಟೆಯನ್ನು ಹೊಗಳುತ್ತಾರೆ. ಅದನ್ನು ಒಗೆದ ಕೈಗಳನ್ನು ನೆನೆಯುವುದಿಲ್ಲ. ಹೆರಿಗೆಯಾದ ಮನೆಗೆ ಪುರುಡು, ಅಂದರೆ ಸೂತಕ. ಆ ದಿನಗಳ ಮೈಲಿಗೆ ಬಟ್ಟೆಯನ್ನು ಒಗೆಯುವ ಕೆಲಸ ಅನೇಕ ಊರುಗಳಲ್ಲಿ ಮಡಿವಾಳರ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತಿತ್ತು. ಮಡಿವಾಳರು ಊರಿನ ಆಯಗಾರರಲ್ಲಿ ಒಬ್ಬರು. ಸುಗ್ಗಿಯಲ್ಲಿ ಕಣದಿಂದ ಕೊಡುವ ಧಾನ್ಯವೇ ಅವರ ವರ್ಷದ ಕೂಲಿ. ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಬೇಯಿಸಿ, ಕೆರೆಯ ಕಲ್ಲಿನ ಮೇಲೆ ಒಗೆದು, ಬಿಸಿಲಿಗೆ ಹರವಿ ಮಡಿ ಮಾಡಿ ತಂದುಕೊಡುತ್ತಿದ್ದವರು ಅವರು. ಊರಿಗೆ ಮಡಿ ಕೊಟ್ಟವರನ್ನೇ ಊರು ಕೆಳಗೆ ಕೂರಿಸಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಶರಣರ ನಡುವೆ ಪಡೆದ ಗೌರವವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ತೂಕ ತಿಳಿಯುತ್ತದೆ.

ಸೂತಕ ಕಳೆದ ಮೇಲೆ ದಿನನಿತ್ಯದ ಬಟ್ಟೆ ಮನೆಯ ಹೆಂಗಸರದು. ಬಾಣಂತಿ ತಣ್ಣೀರು ಮುಟ್ಟುವಂತಿಲ್ಲವಾದ್ದರಿಂದ ಅವಳ ತಾಯಿ, ಅಕ್ಕತಂಗಿಯರು, ಅತ್ತಿಗೆಯರು ಬೂದಿನೀರು, ಅಂಟುವಾಳ, ಆಮೇಲಾಮೇಲೆ ಬಾರ್ ಸೋಪು ಹಿಡಿದು ಬಾವಿಕಟ್ಟೆಗೋ ಕೆರೆಗೋ ಹೋಗುತ್ತಿದ್ದರು. ಈ ದುಡಿಮೆಗೆ ಕೂಲಿಯೂ ಇಲ್ಲ, ಲೆಕ್ಕವೂ ಇಲ್ಲ. ಹಳೆಯ ಲಂಗೋಟಿ ಖರ್ಚಿಲ್ಲದ್ದಾಗಿ ಕಂಡದ್ದು ಅದರ ಖರ್ಚನ್ನು ಈ ಹೆಂಗಸರು ಹೊತ್ತಿದ್ದರಿಂದ.

ಎಸೆಯುವ ಡಯಾಪರ್ ಹುಟ್ಟಿದ ಬಗೆ

ಅಮೆರಿಕದಲ್ಲೂ ಈ ಹೊರೆಯೇ ಹೊಸ ವಸ್ತುವಿಗೆ ದಾರಿ ಮಾಡಿತು. 1946ರಲ್ಲಿ ಮರಿಯನ್ ಡೊನೊವನ್ ಎಂಬ ತಾಯಿ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆಯನ್ನು ಕತ್ತರಿಸಿ, ಬಟ್ಟೆಯ ಮೇಲೆ ತೊಡಿಸುವ ಸೋರದ ಹೊದಿಕೆಯೊಂದನ್ನು ಹೊಲಿದರು. ಅದಕ್ಕೆ 'ಬೋಟರ್' ಎಂದು ಹೆಸರಿಟ್ಟರು. 1951ರಲ್ಲಿ ಪೇಟೆಂಟ್ ದೊರೆಯಿತು. ಹತ್ತು ವರ್ಷಗಳ ನಂತರ, 1961ರಲ್ಲಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಎಸೆಯುವ 'ಪ್ಯಾಂಪರ್ಸ್' ಅನ್ನು ಮಾರುಕಟ್ಟೆಗೆ ತಂದಿತು. 1980ರ ದಶಕದಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿ ಇದರೊಳಗೆ ಸೇರಿತು. ತನ್ನ ತೂಕದ ಹತ್ತಾರು ಪಟ್ಟು ಮೂತ್ರವನ್ನು ಹೀರಿ ಲೋಳೆಯಾಗಿ ಹಿಡಿದಿಡುವ ಈ ಪುಡಿಯಿಂದ ಡಯಾಪರ್ ತೆಳುವಾಯಿತು, ರಾತ್ರಿಯಿಡೀ ಬಾಳತೊಡಗಿತು.

ಭಾರತದಲ್ಲಿ 1990ರ ದಶಕದ ನಡುವೆ 'ಹಗ್ಗೀಸ್' ಬಂತು. ಮುಂದಿನ ದಶಕದಲ್ಲಿ ಮತ್ತಷ್ಟು ಕಂಪನಿಗಳು, ಚಡ್ಡಿಯಂತೆ ಎಳೆದು ತೊಡಿಸುವ ಮಾದರಿಗಳು ಬಂದವು. ಎಷ್ಟೋ ಮನೆಗಳಲ್ಲಿ ಯಾವ ಕಂಪನಿಯದಾದರೂ ಅದು 'ಹಗ್ಗೀಸ್' ಅಥವಾ 'ಪ್ಯಾಂಪರ್ಸ್' ಎಂದೇ ಕರೆಸಿಕೊಳ್ಳುತ್ತದೆ. ಅಜ್ಜಿ ದೂರದ ಊರಿನಲ್ಲಿ, ತಾಯಿತಂದೆ ಇಬ್ಬರೂ ಕಚೇರಿಯಲ್ಲಿ, ಮನೆ ಹತ್ತನೆಯ ಮಹಡಿಯಲ್ಲಿ ಎಂದಾದಾಗ ಇದು ಸೋಮಾರಿತನದ ವಸ್ತುವಲ್ಲ. ತಾಯಿಯ ಅರ್ಧ ರಾತ್ರಿಯ ನಿದ್ದೆಯನ್ನು ಅವಳಿಗೆ ಮರಳಿಸಿದ ವಸ್ತು.

ವರ್ತೂರಿನ ನೊರೆ

ಅತ್ತ ಮನೆಯೊಳಗೆ ಡಯಾಪರ್ ಬರುತ್ತಿದ್ದಂತೆ ಇತ್ತ ಹೊರಗೆ ಒಗೆಯುವ ನೀರೇ ಕೆಟ್ಟಿತು. 400 ಎಕರೆಗೂ ಮಿಕ್ಕ ವರ್ತೂರು ಕೆರೆ ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ನಂತರದ ದೊಡ್ಡ ಕೆರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರಿಗೆ ಬಂದು, ಅಲ್ಲಿಂದ ವರ್ತೂರಿಗೆ ಇಳಿದು, ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಮಳೆನೀರಿನ ಈ ದಾರಿಯಲ್ಲಿ ನಗರದ ಕೊಳಚೆ ಹರಿಯತೊಡಗಿತು. ವರ್ತೂರು ಕೋಡಿ ಎಂಬುದು ಈಗ ವಾಹನ ದಟ್ಟಣೆಗೆ ಹೆಸರಾದ ಜಾಗ. ಕೋಡಿ ಎಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹರಿಯುವ ದಾರಿ ಎಂಬುದು ಅಲ್ಲಿ ಬಸ್ಸಿಗೆ ಕಾಯುವ ಹಲವರಿಗೆ ಹೊಳೆಯಲಾರದು.

2015ರಲ್ಲಿ ಈ ಕೆರೆಯಿಂದ ಎದ್ದ ಬಿಳಿ ನೊರೆ ರಸ್ತೆಗೆ ಹಾರಿ, ಓಡಾಡುವವರ ಮೈಮೇಲೆ ಬಿದ್ದದ್ದು ದೇಶದ ಗಮನ ಸೆಳೆಯಿತು. ಅದೇ ವರ್ಷ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿತು. 2017 ಮತ್ತು 2018ರಲ್ಲೂ ಅಲ್ಲಿ ಬೆಂಕಿ ಎದ್ದಿತು. ನೊರೆಗೆ ಮುಖ್ಯ ಕಾರಣ ಮನೆಮನೆಯ ಬಚ್ಚಲು ನೀರಿನಲ್ಲಿ ಬರುವ ಡಿಟರ್ಜೆಂಟ್. ಸರ್ಫ್ 1959ರಲ್ಲಿ, ನಿರ್ಮಾ 1969ರಲ್ಲಿ ಬಂದ ಮೇಲೆ ಒಗೆತದ ಪುಡಿ ಬಡವರ ಮನೆಗೂ ತಲುಪಿತು. ಕೊಳೆಯನ್ನು ಬಟ್ಟೆಯಿಂದ ಬಿಡಿಸುವ ಅದರ ರಾಸಾಯನಿಕ ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸುತ್ತದೆ. ಅಂಥ ನೀರು ಎತ್ತರದಿಂದ ಧುಮುಕುವಲ್ಲಿ ಗಾಳಿ ಬೆರೆತು ನೊರೆ ಏಳುತ್ತದೆ. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ನೀರಿನ ಕಳೆಗೆ ಗೊಬ್ಬರ. ಯುರೋಪಿನ ಒಕ್ಕೂಟ 2013ರಿಂದ ಮನೆಬಳಕೆಯ ಬಟ್ಟೆ ಡಿಟರ್ಜೆಂಟ್‌ಗಳಲ್ಲಿ ಫಾಸ್ಫೇಟ್‌ಗೆ ಮಿತಿ ಹಾಕಿದ್ದು ಇದೇ ಕಾರಣಕ್ಕೆ.

ವರ್ತೂರಿನಲ್ಲಿ ಬಟ್ಟೆಯ ಡಯಾಪರ್‌ನ ವಾದ ಸಿಕ್ಕು ಬೀಳುವುದು ಇಲ್ಲಿಯೇ. ಹೆಚ್ಚು ಒಗೆದರೆ ಹೆಚ್ಚು ಸೋಪಿನ ನೀರು. ಆ ನೀರು ಶುದ್ಧಿಯಾಗದೆ ಹರಿದರೆ ಸೇರುವುದು ಇದೇ ಕೆರೆಗೆ. ಒಗೆಯಲು ನೀರಾದರೂ ಎಲ್ಲಿದೆ? 2024ರ ಬೇಸಿಗೆಯಲ್ಲಿ ನಗರದ ಪೂರ್ವಭಾಗ ಕೊಳವೆಬಾವಿ ಬತ್ತಿ ಟ್ಯಾಂಕರ್‌ಗೆ ಕಾದು ನಿಂತಿತ್ತು. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು ಆ ವರ್ಷದ ಅಕ್ಟೋಬರಿನಲ್ಲಿ.

ಕಸದ ಬುಟ್ಟಿಯ ಸತ್ಯ

ಹಾಗಾದರೆ ಎಸೆಯುವುದೇ ಮೇಲೇ? ದಿನಕ್ಕೆ ಆರರಂತೆ ಎರಡೂವರೆ ವರ್ಷ ಲೆಕ್ಕ ಹಾಕಿದರೆ ಒಂದು ಮಗುವಿಗೆ ಸುಮಾರು 5,500 ಡಯಾಪರ್ ಬೇಕು. ಹೊರಪದರ ಪ್ಲಾಸ್ಟಿಕ್, ನಡುವೆ ಮರದ ತಿರುಳು, ಹೀರುವ ಪುಡಿ, ಎಲ್ಲಕ್ಕೂ ಮೆತ್ತಿದ ಮಲಮೂತ್ರ. ಇದು ಗೊಬ್ಬರವಾಗುವ ಹಸಿ ಕಸವೂ ಅಲ್ಲ, ಮರುಬಳಕೆಯ ಒಣ ಕಸವೂ ಅಲ್ಲ.

ವರ್ತೂರಿನ ಉತ್ತರಕ್ಕಿರುವ ಮಂಡೂರಿನ ಜನ ಬೆಂಗಳೂರಿನ ಕಸದ ರಾಶಿಯ ಕೆಳಗೆ ವರ್ಷಗಟ್ಟಲೆ ಬದುಕಿ, ಹೋರಾಡಿ, 2014ರ ಕೊನೆಗೆ ಅಲ್ಲಿಗೆ ಲಾರಿ ಬರುವುದನ್ನು ನಿಲ್ಲಿಸಿದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ, ಕೆಂಪು ಬುಟ್ಟಿ ಡಯಾಪರ್‌ನಂಥ ಕಸಕ್ಕೆ. 2016ರ ಘನತ್ಯಾಜ್ಯ ನಿಯಮಗಳು ಡಯಾಪರ್ ಸುತ್ತಿ ಎಸೆಯಲು ಚೀಲವನ್ನು ತಯಾರಕರೇ ಒದಗಿಸಬೇಕೆಂದು ಹೇಳಿದವು. ನಿಯಮ ಪಾಲನೆಯಾಗದ ಮನೆಯ ಕಸವನ್ನು ಬೇರೆ ಮಾಡುವುದು ಪೌರಕಾರ್ಮಿಕರು. ಅವರಲ್ಲಿ ಬಹುಪಾಲು ದಲಿತ ಮಹಿಳೆಯರು. ಪುರುಡಿನ ಬಟ್ಟೆ ಮಡಿವಾಳಗಿತ್ತಿಯ ಕೈಗೆ ಹೋದಂತೆ ಡಯಾಪರ್ ಪೌರಕಾರ್ಮಿಕಳ ಕೈಗೆ ಹೋಗುತ್ತದೆ. ವಸ್ತು ಹೊಸದಾದರೂ ಕೊಳೆ ಯಾರ ಪಾಲಿಗೆ ಎಂಬ ಏರ್ಪಾಡು ಹಳೆಯದೇ.

ಒಗೆಯುವ ರೀತಿಯಲ್ಲಿದೆ ಉತ್ತರ

ಬ್ರಿಟನ್ನಿನ ಪರಿಸರ ಇಲಾಖೆ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಚರ್ಚೆಗೆ ಬೆಳಕು ಚೆಲ್ಲುತ್ತದೆ. ಒಂದು ಮಗುವಿನ ಎರಡೂವರೆ ವರ್ಷಕ್ಕೆ ಎಸೆಯುವ ಡಯಾಪರ್‌ನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ. ಸಾಮಾನ್ಯ ರೀತಿಯಲ್ಲಿ ಒಗೆದ ಬಟ್ಟೆಯಿಂದ ಸುಮಾರು 570 ಕಿಲೋ. ಅಂದರೆ ಹೆಚ್ಚುಕಡಿಮೆ ಸಮ. ಆದರೆ ಯಂತ್ರ ತುಂಬುವಷ್ಟು ಬಟ್ಟೆ ಸೇರಿಸಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯ ಹೊರೆ ಸುಮಾರು ಶೇ. 40ರಷ್ಟು ಇಳಿಯುತ್ತದೆ. ವಿದ್ಯುತ್ತಿನಿಂದ ಒಣಗಿಸಿದರೆ ಏರುತ್ತದೆ. ಬಿಸಿಲಿಗೆ ಒಣಹಾಕುವುದು, ಅಣ್ಣನ ಬಟ್ಟೆ ತಮ್ಮನಿಗೆ ಇಳಿಯುವುದು ಇವೆರಡೂ ಕನ್ನಡ ನಾಡಿನ ಮನೆಗಳಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಅಂಗಡಿಯಲ್ಲಿ ಸಿಗುವ ಹೊಸ ಬಟ್ಟೆಯ ಡಯಾಪರ್ ಅಜ್ಜಿಯ ಲಂಗೋಟಿಯಲ್ಲ ಎಂಬುದನ್ನೂ ತಿಳಿದಿರಬೇಕು. ಅದರ ಹೊರಪದರ ಬಹುಮಟ್ಟಿಗೆ ಸೋರದ ಲೇಪನವುಳ್ಳ ಪಾಲಿಯೆಸ್ಟರ್. ಡೊನೊವನ್‌ರ ಪರದೆಯ ವಂಶದ್ದು. ಅದನ್ನು ಕೊಂಡು ನಾಲ್ಕು ತಿಂಗಳಿಗೆ ಮೂಲೆಗೆಸೆದರೆ ಪರಿಸರಕ್ಕೆ ಲಾಭವಿಲ್ಲ. ಇಪ್ಪತ್ತು ಇಪ್ಪತ್ತೈದರಷ್ಟು ಇಟ್ಟುಕೊಂಡು, ಮಲವನ್ನು ಮೊದಲು ಪಾಯಖಾನೆಗೆ ತೊಳೆದು, ಫಾಸ್ಫೇಟ್ ಇಲ್ಲದ ಸೋಪನ್ನು ಅಳತೆಯಲ್ಲಿ ಹಾಕಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಹರಿಯುವವರೆಗೂ ಬಳಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಹಗಲಿಗೆ ಹಳೆಯ ಸೀರೆಯ ತುಂಡು, ಪ್ರಯಾಣಕ್ಕೋ ರಾತ್ರಿಗೋ ಒಂದು ಎಸೆಯುವ ಡಯಾಪರ್ ಎಂಬ ಮಧ್ಯಮ ಮಾರ್ಗವೂ ಕಸವನ್ನು ಬಹಳ ಇಳಿಸುತ್ತದೆ.

ಮನೆಯವರು ಮಾಡಬಹುದಾದದ್ದು ಇಷ್ಟು. ಉಳಿದದ್ದು ಮನೆಯ ಹೊರಗಿನದು. ಸಮುಚ್ಚಯದ ಕೊಳಚೆ ಶುದ್ಧೀಕರಣ ಘಟಕ ನಿಜವಾಗಿ ಓಡುತ್ತಿದೆಯೇ, ಊರಿನ ಒಳಚರಂಡಿ ಕೆರೆಗೆ ಬೀಳದೆ ಶುದ್ಧೀಕರಣಕ್ಕೆ ಹೋಗುತ್ತಿದೆಯೇ ಎಂಬುದರ ಮೇಲೆ ಬಟ್ಟೆಯ ಒಳಿತು ನಿಂತಿದೆ. ಮನೆಯೊಳಗೂ ಒಂದು ಪ್ರಶ್ನೆ ಉಳಿಯುತ್ತದೆ. ಬಟ್ಟೆಯ ಡಯಾಪರ್ ತರಿಸಲು ತಂದೆ ಉತ್ಸಾಹ ತೋರಿ, ಒಗೆಯುವ ಸರದಿ ತಾಯಿಗೋ ಮನೆಗೆಲಸದಾಕೆಗೋ ಬಿದ್ದರೆ ಅದು ಪರಿಸರ ಕಾಳಜಿಯ ಹೆಸರಿನಲ್ಲಿ ಹಳೆಯ ಹೊರೆಯನ್ನೇ ಮತ್ತೆ ಹೊರಿಸಿದಂತೆ. ಎರಡು ದಿನಕ್ಕೊಮ್ಮೆ ಆ ಬಕೆಟ್ಟಿಗೆ ಕೈ ಹಾಕುವವರಲ್ಲಿ ತಂದೆಯೂ ಒಬ್ಬನಾದ ಮನೆಯಲ್ಲಿ ಅಜ್ಜಿಯ ಕಾಲದ ಬಟ್ಟೆ ಮರಳಿ ಬಂದರೂ ಅಜ್ಜಿಯ ಕಾಲದ ಹೊರೆ ಮರಳಿ ಬರುವುದಿಲ್ಲ.